ಪಹಣಿಗೆ ಬಿದ್ದ ಬೀಗ

ಕಚೇರಿಗಳಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳು ಆಗಾಗ ಒಂದು ದೂರು ಹೇಳುತ್ತಾರೆ: ಹಲವರು ಬಳಸುವ ಕಂಪ್ಯೂಟರಿನಲ್ಲಿ ತಮಗೆ ಕೊಟ್ಟಿರುವ ಖಾತೆಯಿಂದ ಏನನ್ನೂ ಬದಲಿಸಲಾಗುವುದಿಲ್ಲವಂತೆ. ಈ ನಿರ್ಬಂಧದ ಹಿಂದೆ ಒಂದು ಚರಿತ್ರೆಯಿದೆ. ಅದು ನಮ್ಮ ಮಲಪನಗುಡಿಯ ಹೊಲಗದ್ದೆಗಳನ್ನೂ ಮುಟ್ಟಿದೆ.

1800ರಲ್ಲಿ ಬಳ್ಳಾರಿ ಸೀಮೆಯು ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ಮೊದಲ ಕಲೆಕ್ಟರ್ ಥಾಮಸ್ ಮನ್ರೋ ಪ್ರತಿ ರೈತನಿಗೂ ಕಂದಾಯ ಗೊತ್ತುಮಾಡಲು ಹೊರಟಾಗ ಊರಿನ ಲೆಕ್ಕವೆಲ್ಲ ಕರಣಂ ಕೈಯಲ್ಲಿತ್ತು. ವಂಶಪಾರಂಪರ್ಯವಾದ ಈ ಹುದ್ದೆಗಳನ್ನು 1961ರ ಕಾಯಿದೆ ರದ್ದುಮಾಡಿತು. ಬಳಿಕ ಗ್ರಾಮ ಲೆಕ್ಕಿಗರು ಬಂದರು. ಆದರೆ ದಫ್ತರ ಒಬ್ಬರ ಬಳಿಯೇ ಉಳಿಯಿತು. ಅಲ್ಲಿ ಒಂದು ಹೆಸರು ತಿದ್ದಿದರೆ ಬಡವನ ಎರಡೆಕರೆ ಕೈತಪ್ಪಬಹುದಿತ್ತು. ತಿದ್ದಿದವರು ಯಾರೆಂದು ಸಾಧಿಸುವುದು ಕಷ್ಟವಿತ್ತು.

‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. 2002ರ ಹೊತ್ತಿಗೆ ಎಲ್ಲ ತಾಲ್ಲೂಕುಗಳಲ್ಲೂ ಕಿಂಡಿಗಳು ತೆರೆದು, 15 ರೂಪಾಯಿಗೆ ಪಹಣಿ ದೊರೆಯತೊಡಗಿತು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಆದರೆ ತಾಲ್ಲೂಕು ಕಚೇರಿಯ ಯಂತ್ರ ಹಲವರು ಕುಳಿತೇಳುವ ಜಾಗ. ಗುಪ್ತಪದ ಬಾಯಿಂದ ಬಾಯಿಗೆ ದಾಟುತ್ತದೆ, ಬೆರಳು ದಾಟುವುದಿಲ್ಲ. ಆದ್ದರಿಂದ ಸಿಬ್ಬಂದಿಯ ಪ್ರವೇಶಕ್ಕೆ ಬೆರಳಿನ ಗುರುತನ್ನೇ ಕಡ್ಡಾಯ ಮಾಡಿದರು. ಯಾರು, ಯಾವಾಗ, ಏನು ಬದಲಿಸಿದರೆಂಬುದು ದಾಖಲಾಗತೊಡಗಿತು. ಖಾತೆ ಬದಲಾವಣೆಯ ಅರ್ಜಿಗಳೂ ಬಂದ ಸರದಿಯಲ್ಲೇ ಸಾಗಬೇಕಾಯಿತು.

ಹಲವರು ಹಂಚಿಕೊಳ್ಳುವ ಯಂತ್ರದ ಈ ಚಿಂತೆ ಹೊಸದೇನಲ್ಲ. 1960ರ ದಶಕದ ಆರಂಭದಲ್ಲೇ ಅಮೆರಿಕದ ಎಂಐಟಿಯಲ್ಲಿ ಬಳಕೆದಾರರಿಗೆ ಗುಪ್ತಪದ ಕೊಟ್ಟಿದ್ದರು. ಅಲ್ಲಿನ ಸಂಶೋಧಕನೊಬ್ಬ 1962ರಲ್ಲಿ ಗುಪ್ತಪದಗಳ ಪಟ್ಟಿಯನ್ನೇ ಮುದ್ರಿಸಿಕೊಂಡ! ಯಾರಿಗೇ ಆಗಲಿ ಅವರ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಸಾಕೆಂಬ ತತ್ತ್ವವನ್ನು ಸಾಲ್ಟ್ಜರ್ ಮತ್ತು ಶ್ರೋಡರ್ 1975ರಲ್ಲಿ ಸ್ಪಷ್ಟವಾಗಿ ನಿರೂಪಿಸಿದರು.

ಬೀಗವೊಂದೇ ನ್ಯಾಯ ಕೊಡುವುದಿಲ್ಲ, ನಿಜ. ಅಧಿಕಾರವುಳ್ಳವನೇ ತಪ್ಪು ಆದೇಶಕ್ಕೆ ಬೆರಳೊತ್ತಿದರೆ ಯಂತ್ರ ಅದನ್ನು ತಡೆಯದು. ಹಿಂದೆ ಊರಲ್ಲೇ ಸಿಗುತ್ತಿದ್ದ ಪಹಣಿಗೆ ರೈತರು ತಾಲ್ಲೂಕು ಕೇಂದ್ರಕ್ಕೆ ಅಲೆಯಬೇಕಾದದ್ದೂ ಉಂಟು. ಹೊಸಪೇಟೆ ಸಮೀಪವಿರುವ ನಮಗೆ ಅದು ಭಾರವಾಗದಿದ್ದರೂ ದೂರದ ಹಳ್ಳಿಯವರಿಗೆ ಒಂದು ದಿನದ ಕೂಲಿಯ ಪ್ರಶ್ನೆ. ಆದರೂ ತಪ್ಪಿಗೆ ಒಂದು ಹೆಸರು ಅಂಟಿತಲ್ಲ, ಅದು ಸಣ್ಣ ಮಾತಲ್ಲ.

ಸಾರ್ವಜನಿಕರ ದಾಖಲೆ ಕಾಯುವ ನನ್ನ ಮಕ್ಕಳೇ, ನಿಮ್ಮ ಖಾತೆಗೆ ಹಾಕಿದ ಮಿತಿಯನ್ನು ಅವಮಾನವೆಂದು ತಿಳಿಯಬೇಡಿ. ಇನ್ನೊಬ್ಬರ ತಪ್ಪು ನಿಮ್ಮ ತಲೆಗೆ ಬಾರದಂತೆ ಕಾಯುವುದೂ ಅದೇ. ನಿಮ್ಮ ಗುಪ್ತಪದವನ್ನು ಮಾತ್ರ ಯಾರಿಗೂ ಎರವಲು ಕೊಡಬೇಡಿ.