ಸೇನಾ ಅಂಚೆ: ಹುಬ್ಬಳ್ಳಿ–ಧಾರವಾಡದಿಂದ ಕಡಲಾಚೆಗೆ

ದಂಡಿನಲ್ಲಿರುವ ಸೈನಿಕರಿಗೂ ಅವರ ಮನೆಯವರಿಗೂ ನಡುವೆ ಪತ್ರ, ಮನಿಯಾರ್ಡರು, ಪಾರ್ಸೆಲ್ ಸಾಗಿಸುವ ವ್ಯವಸ್ಥೆಯೇ ಸೇನಾ ಅಂಚೆ. ಭಾರತದ ಯುದ್ಧಕ್ಷೇತ್ರ ಅಂಚೆ ಕಚೇರಿ 1856ರಲ್ಲೇ ಪಡೆಯ ಜೊತೆ ಕಡಲು ದಾಟಿ ಪರ್ಷಿಯದ ಬುಶೇರಿಗೆ ಹೋಗಿತ್ತು.

ಮೊದಲ ಮಹಾಯುದ್ಧದ ಹೊತ್ತಿಗೆ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಇಲ್ಲಿಯ ಟಪಾಲು ಹುಬ್ಬಳ್ಳಿ ಜಂಕ್ಷನ್ನಿನಿಂದ ರೈಲು ಹತ್ತಿ, ಬೆಳಗಾವಿ, ಮೀರಜ, ಪುಣೆ ದಾಟಿ ಮುಂಬಯಿ ಬಂದರು ಸೇರಬಹುದಿತ್ತು. ಮುಂದೆ ಹಡಗಿನಲ್ಲಿ ಮೆಸೊಪೊಟೇಮಿಯದ (ಇಂದಿನ ಇರಾಕ್) ಬಸ್ರಾ. 1914ರಲ್ಲಿ ಐದನೇ ಜಾರ್ಜ್ ದೊರೆಯ ಚಿತ್ರವಿದ್ದ ಅಂಚೆಚೀಟಿಗಳ ಮೇಲೆ ಐ.ಇ.ಎಫ್. (ಇಂಡಿಯನ್ ಎಕ್ಸ್‌ಪಿಡಿಷನರಿ ಫೋರ್ಸ್) ಎಂಬ ಮೂರಕ್ಷರ ಒತ್ತಿ, ಹೊರದೇಶದ ಭಾರತೀಯ ಪಡೆಗಳ ಬಳಕೆಗೆ ಕೊಟ್ಟರು.

ಅಕ್ಷರ ಬಾರದ ಸಿಪಾಯಿ ಬಲ್ಲವರಿಂದ ಪತ್ರ ಬರೆಸುತ್ತಿದ್ದ. ಊರಲ್ಲಿ ಅದನ್ನು ಯಾರೋ ಓದಿ ಹೇಳಬೇಕು. ನಡುವೆ ಸೆನ್ಸಾರ್ ಬೇರೆ. ಫ್ರಾನ್ಸಿನ ಬೊಲೋನ್‌ನಲ್ಲಿದ್ದ ಕಚೇರಿ ಭಾರತೀಯರ ಪತ್ರಗಳನ್ನು ಒಡೆದು ಓದಿ, ಆಯ್ದ ಭಾಗಗಳನ್ನು ಇಂಗ್ಲಿಷಿಗೆ ಇಳಿಸುತ್ತಿತ್ತು. ಸಿಪಾಯಿಗಳೂ ಜಾಣರೇ: ಕರಿಮೆಣಸು ಎಂದರೆ ಭಾರತೀಯರು, ಕೆಂಪು ಮೆಣಸಿನಕಾಯಿ ಎಂದರೆ ಬಿಳಿಯರು. ಕರಿಮೆಣಸು ಮುಗಿಯುತ್ತ ಬಂದಿದೆ ಎಂದು ಬರೆದರೆ, ನಮ್ಮವರು ಸಾಯುತ್ತಿದ್ದಾರೆ ಎಂದು ಮನೆಯವರು ತಿಳಿಯಬೇಕು.

ಪತ್ರ ಬಾರದಿದ್ದಾಗಿನ ಸಂಕಟ ಇದಕ್ಕಿಂತ ದೊಡ್ಡದು. ಮೆಸೊಪೊಟೇಮಿಯದ ಕುಟ್ ಪಟ್ಟಣಕ್ಕೆ 1915ರ ಡಿಸೆಂಬರ್ 7ರಂದು ತುರ್ಕರ ಮುತ್ತಿಗೆ ಬಿತ್ತು. ಒಳಗೆ ಸಿಕ್ಕಿಕೊಂಡವರಲ್ಲಿ ಮುಂಬಯಿ ಪ್ರಾಂತದ 103, 110 ಮತ್ತು 117ನೇ ಮರಾಠಾ ಪಲ್ಟನ್ನುಗಳೂ ಇದ್ದವು. ಮಾಮೂಲು ಅಂಚೆಯ ದಾರಿ ಮುಚ್ಚಿತು. 1916ರ ಏಪ್ರಿಲ್ 29ರಂದು ಪಡೆ ಶರಣಾದಾಗ ಸುಮಾರು 13,000 ಮಂದಿ ಸೆರೆಯಾದರು. ಎಷ್ಟೋ ಮನೆಗಳಲ್ಲಿ ತಮ್ಮವ ಬದುಕಿದ್ದಾನೋ ಇಲ್ಲವೋ ಎಂಬುದೂ ತಿಳಿಯದೆ ದಿನ ಕಳೆಯಬೇಕಾಯಿತು.

ಎರಡನೆಯ ಮಹಾಯುದ್ಧದಲ್ಲಿ ಮರಾಠಾ ಲೈಟ್ ಇನ್‌ಫಂಟ್ರಿ ಎರಿಟ್ರಿಯ, ಇಟಲಿಗಳಲ್ಲಿ ಕಾದಿತು. ಅಂಚೆಯ ತೂಕ ತಗ್ಗಿಸಲು ಆಗ ಬಂದದ್ದು ಏರ್‌ಗ್ರಾಫ್: ಪತ್ರವನ್ನು ಕಿರುಫಿಲ್ಮಿಗೆ ಇಳಿಸಿ ವಿಮಾನದಲ್ಲಿ ಕಳಿಸಿ, ಅಲ್ಲಿ ಮತ್ತೆ ಕಾಗದಕ್ಕೆ ಮುದ್ರಿಸುವುದು.

ಸೇನಾ ಅಂಚೆ 1972ರ ಮಾರ್ಚ್ 1ರಂದು ಸೇನೆಯ ಪ್ರತ್ಯೇಕ ವಿಭಾಗ (ಕೋರ್) ಆಯಿತು. ಇದರ ವಿಳಾಸದಲ್ಲಿ ಊರಿನ ಹೆಸರಿಲ್ಲ. ಸೈನಿಕನ ಸಂಖ್ಯೆ, ಹುದ್ದೆ, ಹೆಸರು, ಘಟಕ, ಕೊನೆಗೆ 56 ಎಪಿಒ (ಆರ್ಮಿ ಪೋಸ್ಟ್ ಆಫೀಸ್) ಅಥವಾ 99 ಎಪಿಒ. ಮೊದಲನೆಯದರ ಕೇಂದ್ರ ದೆಹಲಿಯಲ್ಲಿ, ಎರಡನೆಯದರದು ಕೋಲ್ಕತ್ತದಲ್ಲಿ. ಸೇನಾ ಅಂಚೆಯ ಪಿನ್ ಕೋಡ್ 9ರಿಂದ ಶುರುವಾಗುತ್ತದೆ. ಧಾರವಾಡದಿಂದ ಪತ್ರ ಹಾಕುವವರು ಘಟಕದ ಹೆಸರನ್ನೂ ಈ ಅಂಕಿಗಳನ್ನೂ ತಪ್ಪಿಲ್ಲದೆ ಬರೆಯಬೇಕು.