ಗಾಯದ ಮೇಲಿನ ಪಟ್ಟಿ: ಉಹುದ್‌ನಿಂದ ರಾಯಚೂರಿನ ನಾರುಹುಣ್ಣಿನವರೆಗೆ

ಮಾನ್ವಿಯ ಮಸೀದಿಯೊಂದರಲ್ಲಿ ಜುಮಾ ನಮಾಝ್ ಮುಗಿದು ಜನ ಹೊರಬರುತ್ತಿದ್ದರು. ವುಝೂ ಮಾಡುವ ಕಟ್ಟೆಯ ಮೇಲೆ ಹಿರಿಯರೊಬ್ಬರು ಕೂತು, ಕಾಲಿನ ಪಟ್ಟಿಯನ್ನು ಹಿಂಡಿ ಅದೇ ಪಟ್ಟಿಯನ್ನು ಮತ್ತೆ ಸುತ್ತಿಕೊಳ್ಳುತ್ತಿದ್ದರು. “ಯಾಕ ಚಾಚಾ, ಹಸಿ ಪಟ್ಟಿ ಕಟ್ಟಿಕೊಳ್ಳಾಕತ್ತೀರಿ?” ಎಂದು ಕೇಳಿದೆವು. “ವಜೂಕ ಕಾಲು ತೊಳೀಬೇಕಲ್ಲಪಾ. ಐದೂ ವಕ್ತು ಬಿಚ್ಚತೀನಿ, ಐದೂ ವಕ್ತು ಕಟ್ಟತೀನಿ. ತೊಳೀದಿದ್ರ ನಮಾಝ್ ಆಗಾಂಗಿಲ್ಲಂತ ಹೇಳ್ಯಾರ” ಎಂದರು. ಯಾರು ಹೇಳಿದರು ಎಂದರೆ, ಸಫ್‌ನಲ್ಲಿ ಪಕ್ಕ ನಿಲ್ಲುವವರು.

ಅವರಿಗೆ ಹತ್ತಾರು ವರ್ಷಗಳಿಂದ ಸಕ್ಕರೆ ಕಾಯಿಲೆ. ಕಾಲಿನ ಬೆರಳ ಸಂದಿಯ ಸಣ್ಣ ಗಾಯ ಹಸಿಯಾಗಿಯೇ ಉಳಿದು, ಕೀವು ತುಂಬಿ, ಕೊನೆಗೆ ರಾಯಚೂರಿನ ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆಯಬೇಕಾಯಿತು. ಆ ಹಸಿ ಪಟ್ಟಿಯನ್ನು ನಾವೂ ಹಲವು ಶುಕ್ರವಾರ ನೋಡಿದ್ದೆವು, ಆದರೆ ಕೇಳಿದ್ದು ತಡವಾಗಿ. ಈ ಲೇಖನ ಬರೆಯಲು ಅದೇ ಕಾರಣ. ಗಾಯಕ್ಕೆ ಬಟ್ಟೆ ಕಟ್ಟುವ ವಿಷಯದಲ್ಲಿ ನಮ್ಮ ಸಮುದಾಯಕ್ಕೆ ದೊಡ್ಡ ಇತಿಹಾಸವಿದೆ, ರಾಯಚೂರು ಜಿಲ್ಲೆಗೂ ತನ್ನದೇ ಆದ ಒಂದು ಇತಿಹಾಸವಿದೆ. ಎರಡೂ ಗೊತ್ತಿದ್ದರೆ ಚಾಚಾ ಅವರಿಗೆ ಸರಿಯಾದ ಮಾತು ಮೊದಲೇ ಹೇಳಬಹುದಿತ್ತು.

ಉಹುದ್‌ನ ಗಾಯ

ಹಿಜರಿ 3ನೇ ವರ್ಷ, ಕ್ರಿ.ಶ. 625. ಉಹುದ್ ಯುದ್ಧದಲ್ಲಿ ಪ್ರವಾದಿ ಮುಹಮ್ಮದ್(ಸ)ರ ಮುಖಕ್ಕೆ ಪೆಟ್ಟು ಬಿತ್ತು, ಹಲ್ಲು ಮುರಿಯಿತು, ರಕ್ತ ಹರಿಯಿತು. ಸಹ್ಲ್ ಬಿನ್ ಸಅದ್(ರ) ವರದಿ ಮಾಡಿದ ಹದೀಸ್‌ನಲ್ಲಿ ಚಿಕಿತ್ಸೆಯ ಕ್ರಮ ಸ್ಪಷ್ಟವಾಗಿದೆ. ಹಝ್ರತ್ ಅಲಿ(ರ) ಗುರಾಣಿಯಲ್ಲಿ ನೀರು ತಂದು ಸುರಿದರು, ಹಝ್ರತ್ ಫಾತಿಮಾ(ರ) ತಂದೆಯ ಗಾಯ ತೊಳೆದರು. ನೀರು ಹಾಕಿದಷ್ಟೂ ರಕ್ತ ಹೆಚ್ಚುತ್ತಿರುವುದನ್ನು ಕಂಡು ಚಾಪೆಯ ತುಂಡೊಂದನ್ನು ಸುಟ್ಟು ಅದರ ಬೂದಿಯನ್ನು ಗಾಯಕ್ಕೆ ಒತ್ತಿದರು. ಆಗ ರಕ್ತ ನಿಂತಿತು.

ಈ ಹದೀಸ್‌ನಿಂದ ಬೂದಿಯನ್ನು ಮಾತ್ರ ನೆನಪಿಟ್ಟುಕೊಂಡವರು ನಮ್ಮಲ್ಲಿ ಬಹಳ. ಇಂದಿಗೂ ನಮ್ಮ ಹಳ್ಳಿಗಳಲ್ಲಿ ಗಾಯಕ್ಕೆ ಸುಟ್ಟ ಬಟ್ಟೆಯ ಬೂದಿ ತುಂಬುತ್ತಾರೆ. ಆದರೆ ಅಲ್ಲಿ ನಡೆದ ಕ್ರಮವನ್ನು ಗಮನಿಸಬೇಕು. ಮೊದಲು ಶುದ್ಧ ನೀರಿನಿಂದ ತೊಳೆದರು. ನಂತರ ಗಾಯ ಹೇಗಿದೆ ಎಂದು ನೋಡಿದರು. ನೀರಿನಿಂದ ರಕ್ತ ನಿಲ್ಲುತ್ತಿಲ್ಲ ಎಂದು ಕಂಡ ಕೂಡಲೇ ವಿಧಾನ ಬದಲಿಸಿದರು. ರಣರಂಗದಲ್ಲಿ ಕೈಗೆ ಸಿಕ್ಕ ಉತ್ತಮ ವಸ್ತು ಅಂದು ಬೂದಿಯಾಗಿತ್ತು. ಇಂದು ನಮ್ಮ ಕೈಗೆ ಸಿಗುವ ಉತ್ತಮ ವಸ್ತು ಔಷಧಿ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ದೊರೆಯುವ ಶುದ್ಧ ಗಾಜ್ ಬಟ್ಟೆ. ಅದನ್ನು ಗಾಯದ ಮೇಲಿಟ್ಟು ಅಂಗೈಯಿಂದ ಬಿಗಿಯಾಗಿ ಒತ್ತಿ ಹಿಡಿದರೆ ಸಾಮಾನ್ಯ ಗಾಯದ ರಕ್ತ ನಿಲ್ಲುತ್ತದೆ.

ಗಾಯಾಳುಗಳ ಸೇವೆಯಲ್ಲಿ ಮಹಿಳೆಯರೇ ಮುಂದಿದ್ದರು ಎಂಬುದನ್ನೂ ಮರೆಯಬಾರದು. ಯುದ್ಧಗಳಲ್ಲಿ ನೀರುಣಿಸುತ್ತಿದ್ದೆವು, ಗಾಯಾಳುಗಳನ್ನು ಉಪಚರಿಸುತ್ತಿದ್ದೆವು ಎಂದು ರುಬಯ್ಯಿ ಬಿಂತ್ ಮುಅವ್ವಿಝ್(ರ) ಹೇಳಿದ್ದು ಸಹೀಹುಲ್ ಬುಖಾರಿಯಲ್ಲಿದೆ. ಹಿಜರಿ 5ರ ಖಂದಕ್ ಯುದ್ಧದಲ್ಲಿ ತೋಳಿಗೆ ಬಾಣ ನಾಟಿದ ಸಅದ್ ಬಿನ್ ಮುಆದ್(ರ)ರಿಗಾಗಿ ಮಸ್ಜಿದುನ್ನಬವಿಯ ಆವರಣದಲ್ಲೇ ಡೇರೆ ಹಾಕಲಾಯಿತು. ರುಫೈದಾ(ರ) ಎಂಬ ಮಹಿಳೆ ಗಾಯಾಳುಗಳನ್ನು ನೋಡಿಕೊಳ್ಳುತ್ತಿದ್ದ ಡೇರೆಯ ಉಲ್ಲೇಖ ಸೀರತ್ ಗ್ರಂಥಗಳಲ್ಲಿದೆ. ಇಸ್ಲಾಮೀ ಇತಿಹಾಸದ ಮೊದಲ ಚಿಕಿತ್ಸಾಲಯ ಮಸೀದಿಯ ಅಂಗಳದಲ್ಲಿತ್ತು.

ಪಟ್ಟಿಯ ಮೇಲೆ ಮಸಹ್

ಅಬೂದಾವೂದ್‌ನಲ್ಲಿ ಜಾಬಿರ್(ರ)ರಿಂದ ವರದಿಯಾದ ಘಟನೆಯೊಂದು ಚಾಚಾ ಅವರ ಕಥೆಯನ್ನೇ ಹೋಲುತ್ತದೆ. ಪ್ರಯಾಣದಲ್ಲಿದ್ದ ಒಬ್ಬರ ತಲೆಗೆ ಕಲ್ಲು ತಗುಲಿ ಗಾಯವಾಯಿತು. ಅವರಿಗೆ ಸ್ನಾನ ಕಡ್ಡಾಯವಾದಾಗ, ತಯಮ್ಮುಮ್‌ಗೆ ವಿನಾಯಿತಿ ಇದೆಯೇ ಎಂದು ಸಂಗಡಿಗರನ್ನು ಕೇಳಿದರು. ನೀರು ಇರುವಾಗ ವಿನಾಯಿತಿ ಇಲ್ಲ ಎಂದರು ಸಂಗಡಿಗರು. ಅವರು ಸ್ನಾನ ಮಾಡಿದರು, ಮೃತಪಟ್ಟರು. ವಿಷಯ ತಿಳಿದ ಪ್ರವಾದಿ(ಸ) ಬಹಳ ಕೋಪಗೊಂಡರು, ಆ ಸಾವಿನ ಹೊಣೆಯನ್ನು ತಿಳಿಯದೆ ಹೇಳಿದವರ ಮೇಲೆಯೇ ಹೊರಿಸಿದರು. ಗೊತ್ತಿಲ್ಲದಿದ್ದರೆ ಕೇಳಿ ತಿಳಿಯುವುದೇ ಅದಕ್ಕೆ ಮದ್ದು ಎಂದು ಕಲಿಸಿದರು. ಗಾಯಕ್ಕೆ ಬಟ್ಟೆ ಕಟ್ಟಿ, ಅದರ ಮೇಲೆ ಒದ್ದೆ ಕೈ ಸವರಿ, ಉಳಿದ ದೇಹ ತೊಳೆದರೆ ಸಾಕಿತ್ತು ಎಂಬ ಮಾರ್ಗದರ್ಶನವೂ ಅದೇ ವರದಿಯಲ್ಲಿದೆ. ಇದರ ಸನದ್ ಬಗ್ಗೆ ಹದೀಸ್ ಪಂಡಿತರಲ್ಲಿ ಚರ್ಚೆ ಇದ್ದರೂ, ಪಟ್ಟಿಯ ಮೇಲೆ ಮಸಹ್ ಮಾಡುವುದನ್ನು ನಾಲ್ಕೂ ಮದ್‌ಹಬ್‌ಗಳು ಒಪ್ಪಿವೆ.

ಫಿಕ್ಹ್ ಗ್ರಂಥಗಳಲ್ಲಿ ಇದಕ್ಕೆ ‘ಜಬೀರಾ’ ಎಂಬ ಪ್ರತ್ಯೇಕ ಅಧ್ಯಾಯವೇ ಇದೆ. ಖುಫ್ಫ್ ಮೇಲಿನ ಮಸಹ್‌ಗೆ ಊರಲ್ಲಿರುವವರಿಗೆ ಒಂದು ದಿನ, ಪ್ರಯಾಣಿಕರಿಗೆ ಮೂರು ದಿನದ ಗಡುವಿದೆ. ಪಟ್ಟಿಗೆ ಅಂಥ ಗಡುವಿಲ್ಲ, ಗಾಯ ಮಾಯುವವರೆಗೂ ಮಸಹ್ ನಡೆಯುತ್ತದೆ. ಹನಫಿ ಮದ್‌ಹಬ್‌ನಲ್ಲಿ ಪಟ್ಟಿ ಕಟ್ಟುವ ಮೊದಲು ವುಝೂ ಇರಲೇಬೇಕೆಂಬ ಷರತ್ತೂ ಇಲ್ಲ, ಒದ್ದೆ ಕೈ ಸವರುವುದೂ ಗಾಯಕ್ಕೆ ಹಾನಿ ಎಂದಾದರೆ ಅದಕ್ಕೂ ವಿನಾಯಿತಿ ಇದೆ. ಶಾಫಿಈ ಮದ್‌ಹಬ್‌ನಲ್ಲಿ ಮಸಹ್ ಜೊತೆ ತಯಮ್ಮುಮ್ ಕೂಡ ಬರುತ್ತದೆ. ತಮ್ಮ ಸಂದರ್ಭದ ವಿವರಗಳನ್ನು ಪ್ರತಿಯೊಬ್ಬರೂ ಆಲಿಮರಲ್ಲಿ ಕೇಳಿಕೊಳ್ಳಬೇಕು. ಆದರೆ ವೈದ್ಯರು ಬಿಚ್ಚಬೇಡಿ ಎಂದ ಪಟ್ಟಿಯನ್ನು ದಿನಕ್ಕೆ ಐದು ಸಲ ಬಿಚ್ಚಿ ನೆನೆಸಬೇಕೆಂದು ದೀನ್ ಹೇಳಿಲ್ಲ.

ವೈದ್ಯರ ಕೈಯಲ್ಲಿ ಹತ್ತಿ

ಗಾಯಕ್ಕೆ ಬಟ್ಟೆ ಕಟ್ಟುವುದು ಯಾವುದೇ ಒಂದು ಸಮುದಾಯದ ಸೊತ್ತಲ್ಲ. ನಮ್ಮ ದೇಶದ ಸುಶ್ರುತ ಸಂಹಿತೆ 14 ಬಗೆಯ ಕಟ್ಟುಗಳನ್ನು ಹೆಸರಿಸಿದೆ. ಸ್ಪೇನ್‌ನ ಕುರ್ತುಬಾದ ಬಳಿ ಬಾಳಿದ ಅಬುಲ್ ಕಾಸಿಂ ಅಝ್ಝಹ್ರಾವಿ (936–1013) ತಮ್ಮ 30 ಭಾಗಗಳ ‘ಅತ್ತಸ್ರೀಫ್’ ಗ್ರಂಥದ ಕೊನೆಯ ಭಾಗವನ್ನು ಶಸ್ತ್ರಚಿಕಿತ್ಸೆಗೇ ಮೀಸಲಿಟ್ಟರು. ಉಪಕರಣಗಳ ಚಿತ್ರಗಳಿದ್ದ ಆ ಭಾಗ 12ನೇ ಶತಮಾನದಲ್ಲಿ ಲ್ಯಾಟಿನ್‌ಗೆ ಹೋಗಿ ಯುರೋಪಿನ ವೈದ್ಯರಿಗೆ ಶತಮಾನಗಳ ಕಾಲ ಪಠ್ಯವಾಯಿತು. ನಮ್ಮ ಹಿರಿಯರು ಬಳಸುವ ‘ಮರ್ಹಮ್‌ಪಟ್ಟಿ’ ಎಂಬ ಮಾತು, ನಿಜಾಮರ ಕಾಲದ ಯುನಾನಿ ಹಕೀಮರು ಮತ್ತು ಜರ್ರಾಹರು, ಎಲ್ಲವೂ ಆ ಪರಂಪರೆಯ ಕೊಂಡಿಗಳು.

‘ಗಾಜ್’ ಎಂಬ ಹೆಸರು ನೇಯ್ಗೆಗೆ ಹೆಸರಾಗಿದ್ದ ಫೆಲೆಸ್ತೀನಿನ ಗಾಝಾ ಪಟ್ಟಣದಿಂದ ಬಂತೆಂದು ಹಲವರು ಹೇಳುತ್ತಾರೆ. ಕಚ್ಚಾ ರೇಷ್ಮೆಗೆ ಇರುವ ‘ಕಝ್ಝ್’ ಎಂಬ ಅರಬಿ ಪದದಿಂದ ಬಂತೆಂಬ ವಾದವೂ ಇದೆ.

ರಾಯಚೂರಿನ ನಾರುಹುಣ್ಣು

ಈಗ ನಮ್ಮ ನೆಲದ ಇತಿಹಾಸಕ್ಕೆ ಬರೋಣ. 60 ದಾಟಿದ ಹಳ್ಳಿಯ ಹಿರಿಯರನ್ನು ‘ನಾರುಹುಣ್ಣು’ ಎಂದರೇನೆಂದು ಕೇಳಿ ನೋಡಿ. ರಾಯಚೂರು ಜಿಲ್ಲೆ ಕರ್ನಾಟಕದಲ್ಲಿ ಆ ರೋಗ ಬೇರೂರಿದ್ದ ಜಿಲ್ಲೆಗಳಲ್ಲಿ ಒಂದು. ಮೆಟ್ಟಿಲು ಬಾವಿಗೆ ಜನ ಇಳಿದು ಕೊಡ ತುಂಬುತ್ತಿದ್ದರು. ನೀರಿನಲ್ಲಿದ್ದ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಸೈಕ್ಲಾಪ್ಸ್ ಎಂಬ ಜೀವಿಯ ಮೂಲಕ ಹುಳುವಿನ ಮರಿಗಳು ಹೊಟ್ಟೆ ಸೇರುತ್ತಿದ್ದವು. ಸುಮಾರು ಒಂದು ವರ್ಷದ ಬಳಿಕ ಕಾಲಿನಲ್ಲಿ ಉರಿಯುವ ಬೊಬ್ಬೆ ಎದ್ದು ಒಡೆದು, ಒಂದು ಮೀಟರ್‌ವರೆಗೂ ಉದ್ದವಿರಬಹುದಾದ ಬಿಳಿ ದಾರದಂಥ ಹುಳು ತಲೆ ಹಾಕುತ್ತಿತ್ತು. ಉರಿ ತಾಳಲಾರದೆ ರೋಗಿ ಕಾಲನ್ನು ಬಾವಿಯ ನೀರಿನಲ್ಲಿಟ್ಟರೆ ಹುಳು ಸಾವಿರಾರು ಮರಿಗಳನ್ನು ಅದೇ ನೀರಿಗೆ ಬಿಡುತ್ತಿತ್ತು.

ಈ ರೋಗಕ್ಕೆ ಅರಬಿ ವೈದ್ಯರು ಕೊಟ್ಟ ಹೆಸರು ‘ಇರ್ಕ್ ಮದನೀ’, ಮದೀನಾದ ನಾಳ. ಇಬ್ನ್ ಸೀನಾ (ನಿಧನ 1037) ತಮ್ಮ ‘ಅಲ್ ಕಾನೂನ್’ನಲ್ಲಿ ಇದನ್ನು ವಿವರಿಸಿದ್ದಾರೆ. 1758ರಲ್ಲಿ ಲಿನೇಯಸ್ ಇದಕ್ಕೆ ವೈಜ್ಞಾನಿಕ ಹೆಸರಿಟ್ಟಾಗಲೂ ‘ಮೆಡಿನೆನ್ಸಿಸ್’ ಎಂದೇ ಕರೆದರು. ಮದೀನಾದ ಹೆಸರು ಹೊತ್ತ ರೋಗ ನಮ್ಮ ಕೃಷ್ಣಾ-ತುಂಗಭದ್ರಾ ನಡುವಿನ ನಾಡಿನಲ್ಲೂ ಇತ್ತು.

ಇದಕ್ಕೆ ಅಂದೂ ಮದ್ದಿರಲಿಲ್ಲ, ಇಂದೂ ಇಲ್ಲ, ಲಸಿಕೆಯೂ ಇಲ್ಲ. ಚಿಕಿತ್ಸೆ ಎಂದರೆ ತಾಳ್ಮೆ ಮತ್ತು ಬಟ್ಟೆ. ಹುಳುವಿನ ತುದಿಯನ್ನು ಸಣ್ಣ ಕಡ್ಡಿಗೆ ಅಥವಾ ಗಾಜ್ ಸುರುಳಿಗೆ ಸುತ್ತಿ ದಿನಕ್ಕೆ ಕೆಲವು ಸೆಂಟಿಮೀಟರ್ ಮಾತ್ರ ಎಳೆಯಬೇಕು. ಅವಸರಪಟ್ಟು ಎಳೆದರೆ ಹುಳು ತುಂಡಾಗಿ ಒಳಗೇ ಉಳಿದು, ಕಾಲು ಊದಿ ಕೀವಾಗುತ್ತದೆ. ಪ್ರತಿದಿನ ಗಾಯ ತೊಳೆದು, ಸುತ್ತಿದ ಹುಳುವಿನ ಸಮೇತ ಶುದ್ಧ ಗಾಜ್ ಇಟ್ಟು ಪಟ್ಟಿ ಕಟ್ಟಬೇಕು. ಆ ಪಟ್ಟಿ ರೋಗಿಯ ಗಾಯಕ್ಕೆ ಕೊಳೆ ಸೇರದಂತೆ ಕಾಯುತ್ತಿತ್ತು. ಪಟ್ಟಿ ಕಟ್ಟಿದವರು ಬಾವಿಗೆ ಇಳಿಯದಂತೆ ನೋಡಿಕೊಂಡಾಗ ಊರಿನ ನೀರೂ ಉಳಿಯುತ್ತಿತ್ತು.

ಇನ್ನೊಂದು ಬಟ್ಟೆ ಕೊಡದ ಬಾಯಿಗೆ. ಭಾರತದ ನಾರುಹುಣ್ಣು ನಿರ್ಮೂಲನಾ ಕಾರ್ಯಕ್ರಮ 1983–84ರಲ್ಲಿ ಆರಂಭವಾಯಿತು. ಕುಡಿಯುವ ನೀರನ್ನು ಬಟ್ಟೆಯಿಂದ ಸೋಸುವುದನ್ನು ಮನೆ ಮನೆಗೂ ಕಲಿಸಿದರು, ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳಾಗಿ ಬದಲಿಸಿದರು, ಕೊಳವೆ ಬಾವಿ ಕೊರೆದು ಕೈಪಂಪು ಹಾಕಿದರು, ಬಾವಿಗಳಿಗೆ ಔಷಧಿ ಬಿಟ್ಟರು. ಇಲ್ಲಿ ಬಟ್ಟೆಯ ಆಯ್ಕೆ ಮುಖ್ಯವಾಗಿತ್ತು. ಗಾಜ್‌ನ ಕಣ್ಣು ದೊಡ್ಡದು, ಅದರಲ್ಲಿ ಸೈಕ್ಲಾಪ್ಸ್ ಸುಲಭವಾಗಿ ದಾಟಿಹೋಗುತ್ತದೆ. ಸೋಸಲು ಒತ್ತಾಗಿ ನೇಯ್ದ ಬಟ್ಟೆ ಬೇಕು. ಗಾಯಕ್ಕೆ ಅದರ ವಿರುದ್ಧ: ಗಾಳಿಯಾಡುವ, ಕೀವು ಹೀರುವ ತೆರೆದ ನೇಯ್ಗೆಯೇ ಬೇಕು. ದೇಶದ ಕೊನೆಯ ರೋಗಿ 1996ರ ಜುಲೈನಲ್ಲಿ ರಾಜಸ್ಥಾನದಲ್ಲಿ ಕಂಡುಬಂದರು. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತ ಎಂದು ಘೋಷಿಸಿತು. ಮದ್ದಿಲ್ಲದ ರೋಗವೊಂದು ಬಟ್ಟೆ, ಬಾವಿ ಮತ್ತು ತಿಳಿವಳಿಕೆಯಿಂದಲೇ ನಮ್ಮ ಜಿಲ್ಲೆ ಬಿಟ್ಟುಹೋಯಿತು.

ಹೊಲದ ಹತ್ತಿ, ಗಾಯದ ಗಾಜ್

ದೇವದುರ್ಗ, ಮಾನ್ವಿಯ ಹೊಲಗಳ ಹತ್ತಿ ರಾಯಚೂರು ಮಾರುಕಟ್ಟೆಗೆ, ಅಲ್ಲಿಂದ ಜಿನ್ನಿಂಗ್ ಮಿಲ್ಲುಗಳಿಗೆ ಹೋಗುವುದನ್ನು ದಿನವೂ ನೋಡುತ್ತೇವೆ. 1871ರಲ್ಲಿ ಮುಂಬಯಿ ಮತ್ತು ಮದ್ರಾಸ್ ಕಡೆಯ ರೈಲು ಮಾರ್ಗಗಳು ಕೂಡಿದ್ದೇ ರಾಯಚೂರಿನಲ್ಲಿ. ಹತ್ತಿ ಬೆಳೆಯುವ ಮನೆಗಳಲ್ಲಿ ಗಾಯವಾದರೆ ಕೈಗೆ ಮೊದಲು ಸಿಗುವುದು ಹತ್ತಿಯೇ. ಆದರೆ ಹೊಲದ ಹತ್ತಿಯ ಎಳೆಯ ಮೇಲೆ ಮೇಣದಂಥ ಜಿಡ್ಡಿರುತ್ತದೆ, ಅದು ರಕ್ತವನ್ನಾಗಲಿ ಕೀವನ್ನಾಗಲಿ ಹೀರುವುದಿಲ್ಲ. ಕ್ಷಾರದಲ್ಲಿ ಕುದಿಸಿ ಜಿಡ್ಡು ತೆಗೆದು ಬಿಳುಪು ಮಾಡಿದ ಮೇಲೆಯೇ ಅದು ಔಷಧಿ ಅಂಗಡಿಯ ಹೀರುವ ಹತ್ತಿಯಾಗುತ್ತದೆ. ಆ ಹತ್ತಿಯನ್ನೂ ನೇರ ಗಾಯದ ಮೇಲೆ ಇಡಬಾರದು. ಎಳೆಗಳು ಗಾಯದಲ್ಲಿ ಅಂಟಿ ಉಳಿಯುತ್ತವೆ. 1880ರಲ್ಲಿ ಗ್ಯಾಮ್ಜಿ ಎಂಬ ಇಂಗ್ಲಿಷ್ ಶಸ್ತ್ರವೈದ್ಯರು ಹತ್ತಿಯನ್ನು ಎರಡು ಪದರ ಗಾಜ್ ನಡುವೆ ಇಟ್ಟು ಈ ತೊಂದರೆ ನೀಗಿಸಿದರು. ಅದಕ್ಕೂ ಮೊದಲು, 1867ರಲ್ಲಿ, ಜೋಸೆಫ್ ಲಿಸ್ಟರ್ ಕಾರ್ಬಾಲಿಕ್ ಆಮ್ಲ ಬಳಸಿದರೆ ಗಾಯ ಕೊಳೆಯುವುದು ತಪ್ಪುತ್ತದೆಂದು ತೋರಿಸಿದ್ದರು. 1962ರಲ್ಲಿ ಜಾರ್ಜ್ ವಿಂಟರ್ ಎಂಬ ಸಂಶೋಧಕರು, ಒಣಗಿ ಹೆಕ್ಕಳೆಗಟ್ಟಿದ ಗಾಯಕ್ಕಿಂತ ತುಸು ತೇವ ಉಳಿಸಿ ಮುಚ್ಚಿಟ್ಟ ಗಾಯ ಬೇಗ ಮಾಯುತ್ತದೆಂದು ಪ್ರಯೋಗದಿಂದ ತಿಳಿಸಿದರು. ತೇವ ಎಂದರೆ ನಲ್ಲಿಯ ನೀರಿನಲ್ಲಿ ನೆಂದ ಪಟ್ಟಿ ಎಂದಲ್ಲ. ಗಾಯದ ಸ್ವಂತ ತೇವ ಶುದ್ಧ ಬಟ್ಟೆಯ ಕೆಳಗೆ ಉಳಿಯುವುದು ಎಂದರ್ಥ.

ಈ ಇತಿಹಾಸದಿಂದ ಮನೆಗೆ ಬೇಕಾದ ಮಾತುಗಳು ಇಷ್ಟು. ಗಾಯಕ್ಕೆ ತಾಗುವ ಗಾಜ್ ಮುಚ್ಚಿದ ಪೊಟ್ಟಣದ, ‘ಸ್ಟೆರೈಲ್’ ಎಂದು ಬರೆದದ್ದಾಗಿರಲಿ. ಪೊಟ್ಟಣ ಹರಿದಿದ್ದರೆ, ನೆಂದಿದ್ದರೆ ಬೇಡ. ಸುರುಳಿ ಬ್ಯಾಂಡೇಜ್ ಇರುವುದು ಅದನ್ನು ಹಿಡಿದಿಡಲು ಮಾತ್ರ. ತರಚು ಗಾಯಕ್ಕೆ, ಸುಟ್ಟ ಗಾಯಕ್ಕೆ ಪ್ಯಾರಾಫಿನ್ ಹಚ್ಚಿದ ಗಾಜ್ ಸಿಗುತ್ತದೆ, ಅದು ಅಂಟಿಕೊಳ್ಳುವುದಿಲ್ಲ. ಕಟ್ಟುವ ಮೊದಲೂ ಬಿಚ್ಚಿದ ಮೇಲೂ ಸಾಬೂನಿನಿಂದ ಕೈ ತೊಳೆಯಿರಿ. ಒಣಗಿ ಅಂಟಿದ ಗಾಜನ್ನು ಕಿತ್ತರೆ ಹೊಸ ಚರ್ಮವೂ ಕಿತ್ತು ಬರುತ್ತದೆ; ಸಲೈನ್ ಹಾಕಿ ನೆನೆಸಿ ನಿಧಾನ ಬಿಡಿಸಿ. ಪಟ್ಟಿ ನೆಂದರೆ, ಕೀವು ಹೊರಗೆ ಕಂಡರೆ, ವಾಸನೆ ಬಂದರೆ ಬದಲಿಸಿ. ಬೆರಳು ಜೋಮು ಹಿಡಿದರೆ, ನೀಲಿಯಾದರೆ ಕಟ್ಟು ಬಿಗಿಯಾಗಿದೆ, ಸಡಿಲಿಸಿ. ಅರಿಶಿನ, ಕಾಫಿ ಪುಡಿ, ಸುಣ್ಣ, ಬೂದಿ ತುಂಬಬೇಡಿ. ಆಳವಾದ ಗಾಯಕ್ಕೆ, ಪ್ರಾಣಿ ಕಚ್ಚಿದ ಗಾಯಕ್ಕೆ, ತುಕ್ಕು ಹಿಡಿದ ಕಬ್ಬಿಣ ತಾಗಿದ ಗಾಯಕ್ಕೆ ಆಸ್ಪತ್ರೆಯೇ ದಾರಿ. ಧನುರ್ವಾಯು ಇಂಜೆಕ್ಷನ್ ಬಗ್ಗೆಯೂ ಕೇಳಿ. ಸಕ್ಕರೆ ಕಾಯಿಲೆಯವರ ಕಾಲಿನ ಗಾಯ ಎಷ್ಟೇ ಸಣ್ಣದಿರಲಿ, ನೋವಿಲ್ಲದಿದ್ದರೂ, ಅದೇ ದಿನ ತೋರಿಸಿ. ಅವರಿಗೆ ನೋವು ತಿಳಿಯದಿರುವುದೇ ಅಪಾಯ.

ಚಾಚಾ ಈಗ ಒಣ ಪಟ್ಟಿಯ ಮೇಲೆ ಒದ್ದೆ ಕೈ ಸವರಿ ನಮಾಝ್‌ಗೆ ನಿಲ್ಲುತ್ತಾರೆ. “ಮೊದ್ಲ ಯಾರಾದ್ರೂ ಹೇಳಿದ್ರ...” ಎಂದು ಮೊನ್ನೆ ಅರ್ಧಕ್ಕೇ ಮಾತು ನಿಲ್ಲಿಸಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಮುಂದಿನ ಶುಕ್ರವಾರ ನಿಮ್ಮ ಮಸೀದಿಯ ವುಝೂ ಕಟ್ಟೆಯಲ್ಲಿ ಯಾರಾದರೂ ಪಟ್ಟಿ ಬಿಚ್ಚುತ್ತಿದ್ದರೆ ಸುಮ್ಮನೆ ದಾಟಿ ಹೋಗಬೇಡಿ, ಪಕ್ಕ ಕೂತು ಕೇಳಿ. ಇಮಾಮ್ ಸಾಹೇಬರು ಒಂದು ಖುತ್ಬಾದಲ್ಲಿ ಜಬೀರಾದ ವಿಷಯ ತಿಳಿಸಿದರೆ ಎಷ್ಟೋ ಕಾಲುಗಳು ಉಳಿದಾವು.

ಅಲ್ಲಾಹನು ನಮ್ಮ ರೋಗಿಗಳಿಗೆ ಶಿಫಾ ದಯಪಾಲಿಸಲಿ, ತಿಳಿಯದೆ ಹೇಳುವ ನಾಲಿಗೆಯಿಂದ ನಮ್ಮನ್ನು ಕಾಪಾಡಲಿ. ಆಮೀನ್.