ಊಟದಷ್ಟ ಬೇಕಾದ ಗುಲಾಬಿ

ಅಕ್ಕಾರ, ನಮ್ಮ ಹನುಮನಹಳ್ಳಿಯಿಂದ ಹೊಳಿ ದಾಟಿದ್ರ ಹಂಪಿ. 1443ರಾಗ, ಇಮ್ಮಡಿ ದೇವರಾಯನ ಕಾಲಕ್ಕ, ಹೆರಾತಿನ ದೊರೆ ಶಾರುಖ್ ಕಳಿಸಿದ ರಾಯಭಾರಿ ಅಬ್ದುಲ್ ರಜಾಕ್ ಅಲ್ಲಿಗೆ ಬಂದಿದ್ದ. ಎಲ್ಲಿ ನೋಡಿದ್ರೂ ಗುಲಾಬಿ ಮಾರೋದು ಕಂಡ. ಈ ಮಂದಿಗೆ ಗುಲಾಬಿ ಇಲ್ಲದ ಬದುಕಿಲ್ಲ, ಊಟದಷ್ಟೇ ಅದೂ ಬೇಕು ಅಂತ ಬರೆದಿಟ್ಟ.

ನಮ್ಮ ಮನಿಯವರು ತೀರಿಕೊಂಡ ಮ್ಯಾಲ ನಾನು ಹೂ ಮುಡಿಯೋದು ಬಿಟ್ಟೆ. ಮಂದಿ ಬಿಡಿಸಿದ್ರು ಅನ್ರಿ. ಘಮದ ಆಸಿ ಮಾತ್ರ ಹೋಗ್ಲಿಲ್ಲ. ಗಂಗಾವತಿ ಪ್ಯಾಟ್ಯಾಗ ಮಲ್ಲಿಗಿ, ಗಂಧ, ಕೇದಗಿ ಅಂತ ಎಲ್ಲಾ ಅತ್ತರು ಮೂಸಿ ನೋಡಿದೆ. ಕಡೀಕ ಮನಸ್ಸಿಗೆ ಹತ್ತಿದ್ದು ಗುಲಾಬಿನೇ. ಈಗ ದಿನಾ ಸೆರಗಿಗೆ ಒಂದು ಹನಿ.

“ಈ ವಯಸ್ಸಿನ್ಯಾಗ ಇದ್ಯಾಕ?” ಅಂದ್ಳು ನೆಗೆಣ್ಣಿ. ರಜಾಕನ ಮಾತು ಹೇಳಿ, “ಊಟ ಬಿಟ್ಟಿಲ್ಲಲ್ಲ, ಇದನ್ಯಾಕ ಬಿಡ್ಲಿ?” ಅಂದೆ.